ಕಾಲಿಗೊಂದು ತಿದ್ದುಪಡಿ

ಮೂರು ತಿಂಗಳಂತೆ! ಮೂಳೆ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಡಮಂಡಿಯ ಕೆಳಗಿನ ದಪ್ಪ ಮೂಳೆಯ ತಲೆಯಲ್ಲಿ ಕೂದಲೆಳೆಯಷ್ಟು ಬಿರುಕನ್ನು ತೋರಿಸಿದರು. "ಆರು ವಾರ ಈ ಕಾಲನ್ನ ನೆಲಕ್ಕೆ ತಾಗಿಸೋ ಹಾಗಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ. ಸರಿಯಾಗಿ ನಡೆಯೋಕೆ ಮೂರು ತಿಂಗಳು" ಎಂದರು. ನಾನು ಮನಸ್ಸಿನಲ್ಲೇ ಕೆಂಪು ಪೆನ್ನು ತೆಗೆದು, 'ಮೂರು' ಎಂಬುದನ್ನು ಹೊಡೆದುಹಾಕಿ 'ಎರಡು' ಎಂದು ಬರೆದೆ.

ಏಕೆಂದರೆ ತಿದ್ದುವುದು ನನ್ನ ಕಸುಬು. ಶಾಲಾ ಪುಸ್ತಕಗಳು ಅಚ್ಚಾಗುವ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಪ್ರೂಫ್ ರೀಡರ್. ನನ್ನ ಕಣ್ಣು ತಪ್ಪಿಸಿ ಒಂದು ಕೊಂಬು, ಒಂದು ದೀರ್ಘ, ಒಂದು ಒತ್ತಕ್ಷರ ಹೊರಗೆ ಹೋದದ್ದಿಲ್ಲ. ಔಷಧಿ ಬಾಟಲಿಯ ಚೀಟಿಯನ್ನೂ ತಿದ್ದಿಯೇ ಔಷಧಿ ಕುಡಿಯುವವನು ನಾನು. ನನ್ನ ಮದುವೆಯ ಕರೆಯೋಲೆಯಲ್ಲಿ ಮಾವನವರ ಹೆಸರಿನ ಕಾಗುಣಿತವನ್ನೇ ತಿದ್ದಿದ್ದೆ. "ನಾನು ನನ್ನ ಹೆಸರು ಬರೆಯೋದೇ ಹಾಗಪ್ಪಾ" ಎಂದು ಅವರು ಅಲವತ್ತುಕೊಂಡಾಗ, "ಹಾಗಾದ್ರೆ ಇಷ್ಟು ವರ್ಷ ತಪ್ಪು ಬರೆದಿದ್ದೀರಿ ಮಾವಾ" ಎಂದು ಸಮಾಧಾನ ಹೇಳಿದ್ದೆ. ಅವರು ಇವತ್ತಿಗೂ ನನಗೆ ಕಾಗದ ಬರೆಯುವುದಿಲ್ಲ.

ಇನ್ನು ಕಾಲು ಮುರಿದ ವೃತ್ತಾಂತ. ನಮ್ಮ ಪ್ರೆಸ್ಸಿನ ಕ್ರೀಡಾದಿನ. ದಂಪತಿಗಳ ಮೂರು ಕಾಲಿನ ಓಟ. ನನ್ನ ಎಡಗಾಲಿಗೆ ನನ್ನಾಕೆಯ ಬಲಗಾಲನ್ನು ಪುಸ್ತಕದ ಕಟ್ಟು ಕಟ್ಟುವ ದಾರದಿಂದ ಬಿಗಿದರು. ಬೈಂಡಿಂಗ್ ವಿಭಾಗದವರು ಬಿಗಿದರೆ ಕೇಳಬೇಕೇ! ಸೀಟಿ ಊದಿದೊಡನೆ ಕಟ್ಟಿದ ಕಾಲು ಮೊದಲು ಎಂದು ನಾವು ಮಾತಾಡಿಕೊಂಡಿದ್ದೆವು. ಸೀಟಿ ಊದಿತು. ನನ್ನಾಕೆ "ರೈಟ್!" ಎಂದು ಕೂಗಿದಳು.

ಆಕೆ ಸಿಟಿ ಬಸ್ ಡ್ರೈವರು. ಬಸ್ಸಿನ ಭಾಷೆಯಲ್ಲಿ 'ರೈಟ್' ಎಂದರೆ 'ಹೊರಡು'. ಆದರೆ ನಾನು ಪದಗಳ ಅರ್ಥಕ್ಕೆ ಬೆಲೆ ಕೊಡುವ ಮನುಷ್ಯ. ಬಲಗಾಲು ಮುಂದಿಟ್ಟೆ. ನನ್ನ ಎಡಗಾಲು ಆಕೆಯ ಜೊತೆ ಹೋಯಿತು, ಬಲಗಾಲು ನನ್ನ ಮಾತು ಕೇಳಿತು, ಮಧ್ಯದಲ್ಲಿದ್ದ ನಾನು ನೆಲಕ್ಕೆ ಹೋದೆ. ಆಕೆ ನನ್ನ ಮೇಲೆಯೇ ಬಿದ್ದದ್ದರಿಂದ ಆಕೆಗೆ ಒಂದು ಗೀರೂ ಆಗಲಿಲ್ಲ. ಗಂಡ ಅಂತ ಇರುವುದು ಮತ್ತೆ ಯಾತಕ್ಕೆ?

ಇಷ್ಟೇ ಆಗಿದ್ದರೆ ಮೂರು ತಿಂಗಳು ಕಾಲು ಚಾಚಿಕೊಂಡು ಸುಖವಾಗಿ ಬಿದ್ದಿರುತ್ತಿದ್ದೆ. ಆದರೆ ಅದೇ ವಾರ ಆಕೆಯ ಡಿಪೋದಿಂದ ಪತ್ರ ಬಂತು. ಹೊಸ ಡ್ರೈವರುಗಳಿಗೆ ಕಲಿಸುವ ತರಬೇತುದಾರರನ್ನು ತಯಾರು ಮಾಡುವ ಹನ್ನೆರಡು ದಿನದ ಶಿಬಿರ, ಬೇರೆ ಊರಿನಲ್ಲಿ. ಡಿಪೋಗೆ ಒಂದೇ ಜಾಗ, ಅದು ಆಕೆಗೆ. ಶುರುವಾಗುವುದಕ್ಕೆ ಇನ್ನೂ ಏಳು ವಾರ ಇತ್ತು. ಮೂರು ವರ್ಷದ ಹಿಂದೆಯೂ ಇದೇ ಅವಕಾಶ ಬಂದಿತ್ತು. ಆಗ ನನಗೆ ಕಾಮಾಲೆ. ಆಕೆ ಹೋಗಲಿಲ್ಲ. ಆಕೆಗಿಂತ ಐದು ವರ್ಷ ಕಿರಿಯನೊಬ್ಬ ಹೋಗಿಬಂದು, ಈಗ ಆಕೆಗೇ ಗೇರು ಹಾಕುವುದು ಹೇಗೆಂದು ಹೇಳಿಕೊಡುತ್ತಾನೆ.

"ರೀ, ಈ ಸಲಾನೂ ಆಗಲ್ಲ ಅಂತ ಹೇಳಿಬಿಡ್ತೀನಿ" ಎಂದಳು, ಪತ್ರವನ್ನು ಮಡಿಸುತ್ತಾ.

"ಏನೇ ಹಾಗಂದ್ರೆ? ನಾನೇನು ಮಗೂನಾ?"

"ಮಗುವಾದ್ರೆ ಎತ್ಕೊಂಡು ಹೋಗ್ತಿದ್ದೆ."

ಆಕೆ ನಗುತ್ತಲೇ ಹೇಳಿದಳು. ಆದರೆ ಪತ್ರವನ್ನು ಬಿಸಾಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಳು. ಅದನ್ನು ನೋಡಿ ನನಗೆ ಮಂಡಿಗಿಂತ ಎದೆ ಹೆಚ್ಚು ನೋಯಿತು. ಎದ್ದು ನಿಂತು ಪ್ರತಿಜ್ಞೆ ಮಾಡಬೇಕೆನ್ನಿಸಿತು. ಎದ್ದು ನಿಲ್ಲುವಂತಿರಲಿಲ್ಲವಾಗಿ ಮಲಗಿಕೊಂಡೇ ಮಾಡಿದೆ: "ಕೇಳು! ಇನ್ನು ಏಳು ವಾರದೊಳಗೆ ನನ್ನ ಕಾಲ ಮೇಲೆ ನಾನು ನಿಲ್ತೀನಿ. ನಿನ್ನ ಪೆಟ್ಟಿಗೆ ಹೊತ್ಕೊಂಡು ಬಂದು ನಾನೇ ನಿನ್ನನ್ನ ಬಸ್ ಹತ್ತಿಸ್ತೀನಿ!"

"ಪೆಟ್ಟಿಗೆ ನಾನೇ ಹೊತ್ಕೋತೀನಿ. ಹಾಸಿಗೆಯಿಂದ ಬಾತ್‌ರೂಮಿಗೆ ನೀವೊಬ್ಬರೇ ಹೋಗಿ ಬರೋದನ್ನ ನನ್ನ ಕಣ್ಣಿಗೆ ತೋರಿಸಿ, ಸಾಕು. ಅವತ್ತೇ ಹೊರಡ್ತೀನಿ."

ಅಷ್ಟೇ ತಾನೇ? ಹಾಸಿಗೆಯನ್ನು ಮುಂದಿನ ಕೋಣೆಗೆ ತಂದು ಹಾಕಿದ್ದೆವು. ಬಾತ್‌ರೂಮಿಗೆ ಅಲ್ಲಿಂದ ಹದಿನಾರು ಹೆಜ್ಜೆ. ಆಸ್ಪತ್ರೆಯವರು ಕಂಕುಳಿಗೆ ಕೊಟ್ಟುಕೊಳ್ಳುವ ಎರಡು ಊರುಗೋಲು ಕೊಟ್ಟಿದ್ದರು. ಅವು ಗೋಡೆಗೆ ಒರಗಿಕೊಂಡು ನನಗಿಂತ ಹೆಚ್ಚು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು. ಕೋಲು ಹಿಡಿದು ಕುಂಟುವುದೇ? ನಾನು? ಆಕೆ ಮನೆಯಲ್ಲಿದ್ದಾಗ ಪ್ರೆಸ್ಸಿನಿಂದ ತರಿಸಿದ ಚಕ್ರದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಳ್ಳುತ್ತಿದ್ದಳು. ಅಡುಗೆಮನೆಯ ತಿರುವಿನಲ್ಲಿ ಬಾಯಲ್ಲೇ ಹಾರನ್ ಹಾಕುತ್ತಿದ್ದಳು. ಆಕೆ ಪಾಳಿಗೆ ಹೋದಾಗ ನಾನು ತಡೆದುಕೊಂಡಿರುತ್ತಿದ್ದೆ.

ಆರು ವಾರ ಕಳೆಯಿತು. ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಮನೆಗೆ ಬರುವ ಫಿಸಿಯೋ ಹುಡುಗಿ ಅವತ್ತು ಮಂಡಿಯನ್ನು ಬಗ್ಗಿಸಿ, ಒತ್ತಿ, ತಲೆಯಾಡಿಸಿದಳು. ಚಟುವಟಿಕೆಯ ಹುಡುಗಿ, ಮಾತು ಮಾತ್ರ ಒಂದೇ ಉಸಿರಿನಲ್ಲಿ. "ಚೆನ್ನಾಗಿದೆ ಸರ್. ಇನ್ಮೇಲೆ ಭಾರ ಶುರು ಮಾಡೋಣ. ತೂಕ ನೋಡೋ ಮಿಷಿನ್ ಇದ್ರೆ ಪಕ್ಕದಲ್ಲಿ ಇಟ್ಕೊಳ್ಳಿ, ಬೇಕಾಗುತ್ತೆ" ಎನ್ನುತ್ತಾ ಚೀಟಿ ಬರೆಯತೊಡಗಿದಳು.

ತೂಕದ ಮಿಷಿನ್ನೇ! ನನಗೆ ಸುರ್ರೆಂದು ಸಿಟ್ಟು ಬಂತು. ಆರು ವಾರ ಬಿದ್ದಲ್ಲೇ ಬಿದ್ದಿದ್ದೇನೆ, ಹೊಟ್ಟೆ ಒಂದಿಷ್ಟು ಮುಂದೆ ಬಂದಿರಬಹುದು. ಅದನ್ನು ಹೀಗೆ ಮುಖದ ಮೇಲೆ ಹೇಳುವುದೇ? ಆಮೇಲೆ ಹುಡುಗಿ ಕೈ ಆಡಿಸಿ ಇನ್ನೂ ಏನೇನೋ ವಿವರಿಸಿದಳು. ನಾನು ಹೊಟ್ಟೆಯನ್ನು ಒಳಗೆ ಎಳೆದುಕೊಂಡಿರುವುದರಲ್ಲೇ ಮಗ್ನನಾಗಿದ್ದೆ.

"ಅರ್ಥ ಆಯ್ತಾ ಸರ್?"

"ನನಗಾ? ಅಮ್ಮಾ, ಅರ್ಥವೇ ನನ್ನ ಉದ್ಯೋಗ!"

ಹುಡುಗಿ ಹೋದ ಮೇಲೆ ಚೀಟಿ ಕೈಗೆತ್ತಿಕೊಂಡೆ. ಹೀಗಿತ್ತು:

'೧. ತೂಕದ ಮಿಷಿನ್ ಪಕ್ಕದಲ್ಲಿರಲಿ. ೨. ಈ ವಾರ ಕಾಲು ಭಾರ ಹಾಕಿ ನಿಲ್ಲುವುದು. ಮುಂದಿನ ವಾರ ಅರ್ಧ. ಆಮೇಲೆ ಮುಕ್ಕಾಲು.'

ಹರಹರಾ! ಮೂರು ಸಾಲಿನಲ್ಲಿ ಐದು ತಪ್ಪು! ಕೆಂಪು ಇಂಕು ತುಂಬಿಸಿ ಬರೆಯುವ ನನ್ನ ಹಳೆಯ ಪೆನ್ನಿನ ಕ್ಯಾಪು ತೆಗೆದೆ. ಕೈ ತುರಿಸುತ್ತಿತ್ತು, ಆರು ವಾರದಿಂದ ಒಂದು ಕರಡನ್ನೂ ಕಂಡಿರಲಿಲ್ಲ. ಒಂದನೆಯ ಅಂಶವನ್ನು ಪೂರ್ತಿ ಹೊಡೆದು, ಅಂಚಿನಲ್ಲಿ 'ವಿಷಯಕ್ಕೆ ಸಂಬಂಧವಿಲ್ಲ' ಎಂದು ಬರೆದೆ. 'ಕಾಲು ಭಾರ ಹಾಕಿ' ಎಂಬಲ್ಲಿ ವಿಭಕ್ತಿಯೇ ಬಿಟ್ಟುಹೋಗಿತ್ತು. 'ಕಾಲಿಗೆ ಭಾರ ಹಾಕಿ' ಎಂದು ತಿದ್ದಿದೆ. 'ಮುಂದಿನ ವಾರ ಅರ್ಧ.' ಅರ್ಧ ಏನು? ಪಾಪ, 'ಗಂಟೆ' ಎನ್ನುವುದನ್ನು ಮರೆತಿದ್ದಾಳೆ. ಸೇರಿಸಿದೆ. 'ಮುಕ್ಕಾಲು' ಆದಮೇಲೂ 'ಗಂಟೆ' ಸೇರಿಸಿದೆ. ಹಾಗಾದರೆ ಈ ವಾರ ಎಷ್ಟು ಹೊತ್ತು? ಅದನ್ನು ಬರೆಯುವುದನ್ನೇ ಮರೆತಿದ್ದಾಳಲ್ಲ, ಎಂಥ ಅಜಾಗರೂಕತೆ! ಮುಕ್ಕಾಲು ಗಂಟೆಗೆ ಮುಂಚೆ ಅರ್ಧ ಗಂಟೆಯಾದರೆ ಅರ್ಧ ಗಂಟೆಗೆ ಮುಂಚೆ ಏನು ಬರಬೇಕೆಂದು ಬುದ್ಧಿ ಓಡಿಸಿ, 'ಹದಿನೈದು ನಿಮಿಷ' ಎಂದು ಸುಂದರವಾದ ಅಕ್ಷರದಲ್ಲಿ ತುಂಬಿಸಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಸಂಜೆ ನನ್ನಾಕೆ ಓದಿದಳು. "ಕಾಲಿಗೆ ಭಾರ ಹಾಕಿ ಹದಿನೈದು ನಿಮಿಷ? ಮೊದಲನೇ ವಾರಕ್ಕೇ? ಆ ಹುಡುಗೀನೇ ಹೇಳಿದ್ಳಾ?"

"ಹೇಳೋದೇನು, ಬರೆದೇ ಕೊಟ್ಟಿದ್ದಾಳೆ!"

"ಅವಳು ಬರೆದಿದ್ದಕ್ಕಿಂತ ನೀವು ಬರೆದಿದ್ದೇ ಜಾಸ್ತಿ ಕಾಣ್ತಿದೆ. ನಾಡಿದ್ದು ನನಗೆ ರಜಾ. ನಾನಿದ್ದಾಗ ನಿಲ್ಲಿ. ಒಬ್ಬರೇ ಏನೂ ಸಾಹಸ ಮಾಡಬೇಡಿ."

ಆಗಲಿ ಎಂದೆ. ಆದರೆ ಒಳಗೆ ಒಂದು ಮಹಾ ಯೋಜನೆ ಮೊಳೆತಿತ್ತು. ಮರುದಿನ ಆಕೆ ಪಾಳಿ ಮುಗಿಸಿ ನಾಲ್ಕೂಕಾಲಿಗೆ ಮನೆಗೆ ಬರುತ್ತಾಳೆ. ಬಾಗಿಲು ತೆಗೆಯುತ್ತಾಳೆ. ಎದುರಿಗೆ ಗಂಡ, ಎರಡು ಕಾಲಿನ ಮೇಲೆ, ಗೊಮ್ಮಟನ ಹಾಗೆ! ಆಕೆಯ ಕಣ್ಣಲ್ಲಿ ನೀರು ಬರುತ್ತದೆ. ದಿಂಬಿನ ಕೆಳಗಿನ ಪತ್ರ ಹೊರಗೆ ಬರುತ್ತದೆ.

ನಾಲ್ಕು ಗಂಟೆಗೆ ಬಾಚಣಿಗೆಯಿಂದ ತಲೆ ಬಾಚಿಕೊಂಡೆ. ಊರುಗೋಲುಗಳನ್ನು ಹಿಡಿದು ಕಿಟಕಿಯ ಪಕ್ಕ ಒಂಟಿಕಾಲಲ್ಲಿ ನಿಂತೆ. ಗೇಟಿನ ಚಿಲಕದ ಸದ್ದಾಯಿತು. ಎರಡೂ ಊರುಗೋಲನ್ನು ವೀರಾವೇಶದಿಂದ ಆಚೆಗೆ ಬಿಸಾಡಿದೆ. ಎಡಗಾಲನ್ನು ಊರಿದೆ. ನಿಂತೆ! ಪೂರ್ತಿ ನಾಲ್ಕು ಸೆಕೆಂಡು ನಿಂತೆ!

ಐದನೆಯ ಸೆಕೆಂಡಿಗೆ ಮಂಡಿಗೆ ವಿಷಯ ತಿಳಿಯಿತು. ಬಾಯಿಂದ ಒಂದು ಕೂಗು ಹೊರಟಿತು, ಅದರ ಕಾಗುಣಿತ ನನಗೂ ಗೊತ್ತಿಲ್ಲ. ಕೈಗೆ ಸಿಕ್ಕ ಬಿಳಿ ಪರದೆಯನ್ನು ಹಿಡಿದೆ. ಪರದೆ ಸರಳನ್ನು ಕರೆತಂದಿತು. ಸರಳು ಗೋಡೆಯ ಗಾರೆಯನ್ನು ಕರೆತಂದಿತು. ಬರುವ ದಾರಿಯಲ್ಲಿ ಅದು ಕಿಟಕಿಕಟ್ಟೆಯ ಮೇಲಿದ್ದ ನನ್ನ ಕೆಂಪು ಇಂಕಿನ ಬಾಟಲಿಯನ್ನೂ ಬಿಡಲಿಲ್ಲ. ನಾನು ಕೆಳಗೆ, ನನ್ನ ಮೇಲೆ ಪರದೆ, ಪರದೆಯ ಮೇಲೆ ಅರ್ಧ ಬಾಟಲಿ ಇಂಕು!

ಬಾಗಿಲಿನಲ್ಲಿ ಕೀಲಿ ತಿರುಗಿತು. ಬಾಗಿಲು ತೆರೆಯಲಿಲ್ಲ. ವೀರಾವೇಶದಿಂದ ಬಿಸಾಡಿದ್ದೆನಲ್ಲ, ಆ ಊರುಗೋಲುಗಳಲ್ಲಿ ಒಂದು ಜಾರಿಕೊಂಡು ಹೋಗಿ ಬಾಗಿಲಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಆಕೆ ನೂಕಿದಷ್ಟೂ ಅದು ಭದ್ರವಾಯಿತು.

"ರೀ! ಏನದು ಸದ್ದು?" ಎಂದು ಆಕೆ ಕಿಟಕಿಗೆ ಓಡಿಬಂದಳು. ಪರದೆ ಇಲ್ಲದ್ದರಿಂದ ಒಳಗಿನ ದೃಶ್ಯ ಸ್ಪಷ್ಟವಾಗಿ ಕಂಡಿತು. "ಅಯ್ಯೋ! ರಕ್ತ!"

"ರಕ್ತ ಅಲ್ಲ ಕಣೇ, ಇಂಕು!" ಎಂದೆ. ಬಾಯಿಯೊಳಗೆ ಪರದೆಯ ಅಂಚಿತ್ತು. "ಉಂಕು" ಎಂದು ಕೇಳಿಸಿತಂತೆ.

ಮೇಲಿನ ಮನೆಯ ಬಡಗಿ ಗರಗಸದ ಸಮೇತ ದಡದಡನೆ ಇಳಿದುಬಂದ. "ಪಾಪ, ಮಾತೂ ತೊದಲ್ತಿದೆ ಅಕ್ಕಾ. ಪಕ್ಕಕ್ಕೆ ಬನ್ನಿ, ಬಾಗಿಲು ಕೊಯ್ದುಬಿಡ್ತೀನಿ. ಈ ಬಾಗಿಲು ಮಾಡಿದ್ದೇ ನಾನು. ಎಲ್ಲಿ ಕೊಯ್ಯಬೇಕು ಅಂತ ನನಗೆ ಗೊತ್ತು!"

ನಾನು ಪರದೆಯನ್ನು ಉಗುಳಿ ಕಿರುಚಿದೆ, "ಕೊಯ್ಯಬೇಡಯ್ಯಾ! ಇಂಕು! ಇಂಕು! ಬಾಗಿಲಿಗೆ ಕೋಲು ಅಡ್ಡ ಇದೆ!"

ನನ್ನಾಕೆ ಒಂದು ಸಲ ಉಸಿರೆಳೆದುಕೊಂಡಳು. ಆಮೇಲೆ ಆಕೆಯ ಗಂಟಲಿನಿಂದ ಬಂದದ್ದು ಹೆಂಡತಿಯ ದನಿಯಲ್ಲ, ಅರವತ್ತು ಜನರನ್ನು ಹೊತ್ತು ಇಕ್ಕಟ್ಟಿನ ಬೀದಿಯಲ್ಲಿ ಹೋಗುವ ಡ್ರೈವರಿನ ದನಿ. "ಯಾರೂ ಏನೂ ಕೊಯ್ಯೋದು ಬೇಡ. ರೀ, ನನ್ನ ಮಾತು ಕೇಳಿ. ಎಡಗಾಲು ಮಡಿಸಬೇಡಿ, ಮುಂದಕ್ಕೆ ಚಾಚಿಕೊಂಡೇ ಇರಿ. ಎರಡು ಕೈ ಹಿಂದಕ್ಕೆ ಊರಿ. ಕೂತ್ಕೊಂಡೇ ರಿವರ್ಸ್ ಬನ್ನಿ. ನೀವು ಹಿಂದೆ ನೋಡಬೇಡಿ, ನಾನು ನೋಡ್ತೀನಿ."

ಬಂದೆ. ಕುಂಡಿಯ ಮೇಲೆ, ಹಿಮ್ಮುಖವಾಗಿ, ತಲೆಯ ಮೇಲೆ ಪರದೆ ಹೊದ್ದು, ಬಂದ ದಾರಿಯುದ್ದಕ್ಕೂ ಕೆಂಪು ಗೀಟು ಎಳೆಯುತ್ತಾ.

"ಬನ್ನಿ... ಬನ್ನಿ... ಬನ್ನಿ... ಸ್ವಲ್ಪ ಬಲಗೈ ಕಡೆಗೆ... ಮೇಜಿನ ಕಾಲು ಇದೆ, ಬಿಟ್ಟು ಬನ್ನಿ... ಸಾಕು, ಈಗ ನೇರ... ಬನ್ನಿ... ಹೋಲ್ಡಾನ್! ಈಗ ಎಡಗೈ ಚಾಚಿ. ಸಿಕ್ತಾ ಕೋಲು? ನಿಮ್ಮ ಕಡೆಗೆ ಎಳೀಬೇಡಿ, ಮೇಲಕ್ಕೆ ಎತ್ತಿ."

ಎತ್ತಿದೆ. ಬಾಗಿಲು ತೆರೆಯಿತು. ಒಂದು ಗೀರೂ ಇಲ್ಲದೆ, ಒಂದು ಕುರ್ಚಿಯನ್ನೂ ಮುಟ್ಟದೆ ನಾನು ನಿಲ್ದಾಣ ಸೇರಿದ್ದೆ. "ಅಬ್ಬಬ್ಬಾ! ಏನು ಹೇಳಿಕೊಡೋದು ಅಕ್ಕಾ ನೀವು!" ಎಂದ ಬಡಗಿ, ಕೊಯ್ಯಲು ಸಿಗದ ಬಾಗಿಲನ್ನು ಸವರುತ್ತಾ.

ಆಸ್ಪತ್ರೆಯಲ್ಲಿ ಮತ್ತೊಂದು ಎಕ್ಸ್‌ರೇ ಆಯಿತು. ಪುಣ್ಯಕ್ಕೆ ಮೂಳೆ ಸರಿದಿರಲಿಲ್ಲ. ಮಂಡಿ ಮಾತ್ರ ಊದಿಕೊಂಡಿತ್ತು. "ಇನ್ನು ಹದಿನೈದು ದಿನ ಆ ಕಾಲಿಗೆ ಭಾರವೇ ಬೇಡ" ಎಂದರು ಡಾಕ್ಟರು. ಶಿಬಿರಕ್ಕೆ ಉಳಿದಿದ್ದದ್ದು ಎಂಟೇ ದಿನ.

ಮಾರನೆಯ ದಿನ ಫಿಸಿಯೋ ಹುಡುಗಿ ಬಂದು ಚೀಟಿ ಕೇಳಿದಳು. ತನ್ನ ಚೀಟಿ ತನಗೇ ಗುರುತು ಸಿಗದೆ ತಿರುಗಿಸಿ ಮುರುಗಿಸಿ ನೋಡಿದಳು.

"ಸರ್, ಇದ್ಯಾಕೆ 'ಕಾಲಿಗೆ' ಅಂತ ಮಾಡಿದ್ದೀರಿ? ನಾನು 'ಕಾಲು' ಅಂತ ಬರೆದಿದ್ದೆ."

"ಅದೇ ತಪ್ಪಮ್ಮಾ. ಕಾಲು ಅಂದ್ರೆ ಬರೀ ಕಾಲು. ಭಾರ ಹಾಕೋದು ಕಾಲಿಗೆ."

"ಆ ಕಾಲಲ್ಲ ಸರ್, ಕಾಲು!"

"ಎಡಗಾಲು ತಾನೇ?"

"ಅಯ್ಯೋ ಸರ್! ಈ ವಾರ ಡ್ಯಾಶ್, ಮುಂದಿನ ವಾರ ಅರ್ಧ, ಆಮೇಲೆ ಮುಕ್ಕಾಲು. ಅರ್ಧಕ್ಕೆ ಮುಂಚೆ ಏನು ಬರುತ್ತೆ? ಒಂದನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ."

"ಕಾ..." ಎಂದವನು ಅಲ್ಲಿಗೇ ನಿಂತೆ.

ನಾಲ್ಕರಲ್ಲೊಂದು ಪಾಲು! ಮೈಯ ತೂಕದ ಕಾಲು ಭಾಗವನ್ನು ಮಾತ್ರ ಹಾಕಿ ನಿಲ್ಲಬೇಕಿತ್ತು. ಎಷ್ಟು ಬಿತ್ತೆಂದು ನೋಡಿಕೊಳ್ಳಲು ಪಾದದ ಕೆಳಗೆ ಇಡುವುದಕ್ಕೆ ಆ ತೂಕದ ಮಿಷಿನ್! ಒಂದನೆಯ ತರಗತಿಯ ಆ ಪಾಠಪುಸ್ತಕದ ಕರಡನ್ನು ಹನ್ನೊಂದು ಸಲ ತಿದ್ದಿದವನು ನಾನೇ. ಗಡಿಯಾರ ಕೂಡ 'ನಾಲ್ಕೂಕಾಲು, ನಾಲ್ಕೂಕಾಲು' ಎಂದು ಹೇಳುತ್ತಲೇ ಇತ್ತು, ಕೇಳಿಸಿಕೊಳ್ಳುವ ಕಿವಿ ಬೇಕಿತ್ತಲ್ಲ. ತಪ್ಪೇ ಇಲ್ಲದ ಮೂರು ಸಾಲಿನಲ್ಲಿ ಐದು ತಪ್ಪು ಮಾಡಿಟ್ಟಿದ್ದೆ.

ಹುಡುಗಿ ನಗಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಕೆಮ್ಮಿದಳು. ನನ್ನಾಕೆ ನಗಲಿಲ್ಲ. ಫೋನ್ ತೆಗೆದುಕೊಂಡು ಡಿಪೋದ ನಂಬರು ಹುಡುಕತೊಡಗಿದಳು.

"ಯಾರಿಗೇ?"

"ಬರಲ್ಲ ಅಂತ ಹೇಳ್ತೀನಿ. ಬೇರೆ ಯಾರಿಗಾದ್ರೂ ಸಿಗಲಿ ಆ ಜಾಗ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಆ ತಣ್ಣನೆಯ ಮಾತು ಕೇಳಿ ನನಗೆ ಅಳುವೇ ಬಂತು. "ಬೇಡ ಕಣೇ, ದಮ್ಮಯ್ಯ. ಎರಡನೇ ಸಲಾನೂ ನನ್ನಿಂದಲೇ ತಪ್ಪಿಹೋಯ್ತು ಅಂದ್ರೆ ನಾನು ನಿನಗೆ ಮುಖ ತೋರಿಸೋದು ಹೇಗೆ? ನನ್ನದೇ ತಪ್ಪು. ಎರಡು ಕಾಲಲ್ಲಿ ನಡೆದು ತೋರಿಸಿದ್ರೆ ನೀನು ಹೊರಡ್ತೀಯ ಅಂತ..."

ಆಕೆ ತಲೆಯೆತ್ತಿದಳು. "ಎರಡು ಕಾಲಲ್ಲಿ ಅಂತ ನಾನು ಯಾವಾಗ ಹೇಳಿದ್ದೆ? ಬಾತ್‌ರೂಮಿಗೆ ಒಬ್ಬರೇ ಹೋಗಿ ಬನ್ನಿ ಅಂದೆ."

"ಮತ್ತೆ?"

"ಹೇಗೆ ಬೇಕಾದ್ರೂ ಹೋಗಿ ಬನ್ನಿ! 'ಎರಡು ಕಾಲಲ್ಲಿ' ಅನ್ನೋದನ್ನ ನೀವೇ ಸೇರಿಸ್ಕೊಂಡ್ರಿ!"

"ಊರುಗೋಲಿನಲ್ಲಿ ಸರ್ ಒಂದು ತಿಂಗಳ ಹಿಂದೇನೇ ಒಬ್ಬರೇ ಓಡಾಡಬಹುದಿತ್ತು ಮೇಡಂ. ಹೇಳಿ ಹೇಳಿ ನನಗೇ ಸಾಕಾಯ್ತು. ಕಾಲು ನೆಲಕ್ಕೆ ತಾಗದಿದ್ರೆ ಈಗಲೂ ಏನೂ ತೊಂದರೆ ಇಲ್ಲ" ಎಂದಳು ಹುಡುಗಿ.

ನನ್ನಾಕೆ ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ. ಗೋಡೆಗೆ ಊರುಗೋಲುಗಳು ಒರಗಿದ್ದವು.

ಅವತ್ತಿನಿಂದ ಶುರುವಾಯಿತು ನನ್ನ ಕಠೋರ ತಪಸ್ಸು. ಮೊದಲ ದಿನ ಮೂರು ಹೆಜ್ಜೆಗೆ ಕಂಕುಳು ಉರಿಯಿತು. ಎರಡನೆಯ ದಿನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೂರನೆಯ ದಿನ ಬಡಗಿ ಬಂದು ಕೋಲಿನ ಹಿಡಿಗೆ ಹಳೆಯ ಬಟ್ಟೆ ಸುತ್ತಿಕೊಟ್ಟು, ಬಾಗಿಲ ಕಡೆಗೆ ಆಸೆಯಿಂದ ಒಮ್ಮೆ ನೋಡಿ ಹೋದ. ಕೋಲು, ಕೋಲು, ಕಾಲು. ಕೋಲು, ಕೋಲು, ಕಾಲು. ಐದನೆಯ ದಿನದ ಹೊತ್ತಿಗೆ ಅಡುಗೆಮನೆಯ ತಿರುವಿನಲ್ಲಿ ನಾನೇ ಹಾರನ್ ಹಾಕುವಷ್ಟಾದೆ. ಮಾತು ಹೇಳಿದವರಿಗೆಲ್ಲ 'ಹೂಂ' ಎಂದೆ. ವ್ಯಾಕರಣ ನೋಡಲಿಲ್ಲ.

ಭಾನುವಾರ ಸಂಜೆ ಪರೀಕ್ಷೆ. ಆಕೆ ಕೈಕಟ್ಟಿ ಬಾಗಿಲ ಬಳಿ ನಿಂತಳು. ನಾನು ಹಾಸಿಗೆಯಿಂದ ಎದ್ದೆ, ಹದಿನಾರು ಹೆಜ್ಜೆ ಕುಂಟಿದೆ, ಬಾತ್‌ರೂಮು ಹೊಕ್ಕೆ, ಹೊರಗೆ ಬಂದೆ, ಹದಿನಾರು ಹೆಜ್ಜೆ ಕುಂಟಿ ಹಾಸಿಗೆಯಲ್ಲಿ ಕುಕ್ಕರಿಸಿದೆ. ಎಡಗಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ. ಆಕೆ ನೇರವಾಗಿ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು. ತುಂಬುತ್ತಾ ತುಂಬುತ್ತಾ ಮೂಗು ಒರೆಸಿಕೊಂಡದ್ದನ್ನು ನಾನು ನೋಡಿದೆ. ನನಗೂ ಒರೆಸಿಕೊಳ್ಳಬೇಕಿತ್ತು, ಎರಡೂ ಕೈಯಲ್ಲಿ ಕೋಲಿತ್ತು.

ಹನ್ನೆರಡು ದಿನ ಊಟ ಮೇಲಿನ ಮನೆಯಿಂದ ಬಂತು. ಹನ್ನೆರಡನೆಯ ದಿನ ಮಧ್ಯಾಹ್ನ ಫೋನ್ ಬಂತು. ಆಕೆಯ ದನಿ ಕುಣಿಯುತ್ತಿತ್ತು.

"ರೀ! ನಾನು ತರಬೇತುದಾರಳಾದೆ! ಇವತ್ತು ಎಲ್ಲರ ಹತ್ರಾನೂ ಒಂದೊಂದು ಪಾಠ ಮಾಡಿಸಿ ನೋಡಿದ್ರು. ಹೊಸಬರಿಗೆ ಸ್ಪಷ್ಟವಾಗಿ ಸೂಚನೆ ಕೊಡೋದು ಹೇಗೆ ಅಂತ. ಇಪ್ಪತ್ತೆರಡು ಜನದಲ್ಲಿ ನಾನೇ ಮೊದಲು!"

ನನ್ನ ಎದೆ ಉಬ್ಬಿತು. "ಭೇಷ್! ಹೇಗೆ ಸಾಧಿಸಿದೆ?"

"ಬೇರೆಯವರೆಲ್ಲ ಮುಂದೆ ಒಬ್ಬ ಬುದ್ಧಿವಂತ ಕೂತಿದ್ದಾನೆ ಅಂದ್ಕೊಂಡು ಪಾಠ ಮಾಡಿದ್ರು ಕಣ್ರೀ" ಎಂದಳು. "ನಾನು ನೀವು ಕೂತಿದ್ದೀರಿ ಅಂದ್ಕೊಂಡು ಮಾಡಿದೆ!"